ಎರಡು ಕಡ್ಡಿಪೆಟ್ಟಿಗೆ

ಸೋಮವಾರ, 3 ಆಗಸ್ಟ್ 1998, ಯಡ್ರಾಮಿ

ಇವತ್ತಿನಿಂದ ಎರಡು ಪುಸ್ತಕ. ನೀಲಿ ರಟ್ಟಿನದು ವ್ಯಂಕಟೇಶ ಸರ್ ಕೊಟ್ಟದ್ದು. ಅದರಲ್ಲಿ ದುರ್ಬೀನಿನಲ್ಲಿ (ಸೂಕ್ಷ್ಮದರ್ಶಕಕ್ಕೆ ನಾವು ಹಾಗೇ ಅನ್ನುವುದು) ಕಂಡದ್ದನ್ನು ಮಾತ್ರ ಬರೆಯಬೇಕಂತೆ. ಇದು ಔಷಧ ಕಂಪನಿಯವನು ಹೊಸ ವರ್ಷಕ್ಕೆ ಕೊಟ್ಟುಹೋದ ಡೈರಿ. ಏಳು ತಿಂಗಳಿನಿಂದ ಖಾಲಿ ಬಿದ್ದಿತ್ತು. ಆ ನೀಲಿ ಪುಸ್ತಕದಲ್ಲಿ ಬರೆಯಬಾರದ್ದನ್ನೆಲ್ಲ ಇದರಲ್ಲಿ ಬರೆಯುತ್ತೇನೆ. ಯಾರೂ ಓದುವುದಿಲ್ಲ. ಓದಲು ಹೋದರೂ ನನ್ನ ಅಕ್ಷರ ಡಾಕ್ಟರ ಅಕ್ಷರಕ್ಕಿಂತ ಕೆಟ್ಟದು.

ವ್ಯಂಕಟೇಶ ಸರ್ ಅಫಜಲಪುರದ ಮಾಸ್ತರೊಬ್ಬರ ಮಗ, ಗುಲಬರ್ಗಾದಲ್ಲಿ ಸಂಶೋಧನೆ ಮಾಡುತ್ತಾರೆ. ಹೋದ ವಾರ ನಮ್ಮ ಹಣಮಂತರಾಯ ಡಾಕ್ಟರ ದವಾಖಾನೆಗೆ ಬಂದು, ಮಕ್ಕಳ ಭೇದಿಯಲ್ಲಿ ಸಿಗುವ ಜಿಯಾರ್ಡಿಯಾ ಎಂಬ ಒಂದೇ ಕೋಶದ ಜೀವಿ ತಮಗೆ ಬೇಕಾಗಿದೆ, ಇಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ನನಗೆ ನಗು ಬಂತು. ಹನ್ನೊಂದು ವರ್ಷದಿಂದ ಈ ಕಿಟಕಿಯ ಹಿಂದೆ ಕೂತು ನಾನು ನೋಡುತ್ತಿರುವುದು ಮತ್ತೇನನ್ನು? ಜನ ಕಡ್ಡಿಪೆಟ್ಟಿಗೆಯಲ್ಲಿ ಮಲ ತಂದು ಕಿಟಕಿಯಲ್ಲಿಟ್ಟು, ತಮ್ಮದಲ್ಲವೇ ಅಲ್ಲ ಎಂಬಂತೆ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಾರೆ. ನಾನು ಹೆಸರು ಬರೆದುಕೊಂಡು, ಇಷ್ಟೇ ಇಷ್ಟು ತೆಗೆದು ಗಾಜಿಗೆ ಹಚ್ಚಿ, ನೋಡಿ, ಚೀಟಿಯಲ್ಲಿ ‘ಇದೆ’ ಎಂದೋ ‘ಇಲ್ಲ’ ಎಂದೋ ಬರೆದು ಕೊಡುತ್ತೇನೆ. ಕಸ್ತೂರಿಬಾಯಿ ‘ಇಲ್ಲ’ ಎಂದು ಬರೆದರೆ ಮುಗಿಯಿತು, ಇಲ್ಲವೇ ಇಲ್ಲ ಎಂದು ಡಾಕ್ಟರು ರೋಗಿಗಳೆದುರು ಹೇಳುತ್ತಾರೆ. ಹಾಗೆ ಹೇಳಿದ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ.

ಸಂಜೆ ಜೇವರ್ಗಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು, "ಮಕ್ಕಳೆಷ್ಟ್ರೀ ಬಾಯಿ?" ಎಂದಳು. ಇಲ್ಲ ಎಂದೆ. ಹದಿನಾರು ವರ್ಷದ ಹಿಂದೆ ಮಾದನಹಿಪ್ಪರಗಾದಲ್ಲಿ ನನಗೊಂದು ಹೆಣ್ಣು ಕೂಸು ಹುಟ್ಟಿ ಎಂಟು ತಿಂಗಳು ಬದುಕಿತ್ತು, ಭೇದಿ ಹತ್ತಿ ಹೋಯಿತು, ಗಂಡ ಇನ್ನೊಬ್ಬಳನ್ನು ತಂದ, ನಾನು ಹೊರಬಿದ್ದು ಈ ಕೆಲಸ ಕಲಿತೆ. ಇದು ಯಡ್ರಾಮಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಮದುವೆಯೇ ಆಗಿಲ್ಲ ಎಂದುಕೊಂಡಿದ್ದಾರೆ. ಹಾಗೇ ಇರಲಿ.

ಬುಧವಾರ, 5 ಆಗಸ್ಟ್

ವ್ಯಂಕಟೇಶ ಸರ್ ಬಂದು ದುರ್ಬೀನಿಗೆ ಕಣ್ಣು ಹಚ್ಚಿ ಕೂತವರು ಅರ್ಧ ತಾಸು ಏಳಲಿಲ್ಲ. "ಅಕ್ಕಾರ, ಇದರ ಮಾರಿ ನೋಡ್ರಿ, ಕಣ್ಣ ಬಿಟ್ಟು ನಮ್ಮನ್ನಾ ನೋಡಾಕತ್ತದ" ಎಂದರು. ಕಣ್ಣಲ್ಲ, ಎರಡು ನ್ಯೂಕ್ಲಿಯಸ್ಸು. ನನಗೆ ಅದು ಗೊತ್ತು. ಯಾಕೆ ಎರಡು ಎಂದು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

ಚಹಾ ಕುಡಿಯುತ್ತ ಒಂದು ಕಥೆಯನ್ನೇ ಹೇಳಿದರು. "ನಮ್ಮ ಮೈಯಾಗಿನ ಕೋಶದೊಳಗ ಮೈಟೋಕಾಂಡ್ರಿಯಾ ಅಂತ ಇರ್ತಾವ್ರಿ. ನಮಗ ಶಕ್ತಿ ಮಾಡಿಕೊಡೋವು ಅವಾ. ಭಾಳ ಹಿಂದ ಅವು ಬ್ಯಾರೇನಾ ಜೀವ ಇದ್ವು. ಒಂದು ಕೋಶ ಇನ್ನೊಂದನ್ನ ನುಂಗಿತು, ಅರಗಿಸ್ಕೊಳ್ಳಲಿಲ್ಲ. ಒಳಗ ಹೋದದ್ದು ಬಿಡಾರ ಹೂಡಿ ಮನೀ ಮಂದಿನಾ ಆಗಿಬಿಡ್ತು."

"ಈ ಜಿಯಾರ್ಡಿಯಾದಾಗ?"

"ಇದರಾಗ ಅದು ಇಲ್ಲ. ಆ ಬಿಡಾರದವರು ಬರೂಕಿಂತ ಮೊದಲಾ ಇದು ಬ್ಯಾರೆ ದಾರಿ ಹಿಡಿದದ ಅಂತ ಹೇಳ್ತಾರ. ಅದಕ್ಕಾ ನ್ಯೂಕ್ಲಿಯಸ್ ಇರೋ ನಮ್ಮಂಥ ಜೀವಗಳ ಹಳೇ ಮನೆತನ ಹ್ಯಾಂಗಿತ್ತು ಅಂತ ಇದನ್ನ ನೋಡಿ ತಿಳಕೋಬೇಕು. ಹೊರದೇಶದಾಗ ಇದರ ಜೀನೋಮ್, ಅಂದ್ರ ಇದರೊಳಗಿನ ಪೂರಾ ಬರವಣಿಗಿ, ಒಂದೊಂದಾ ಅಕ್ಷರ ಓದಾಕತ್ತಾರ. ನಮ್ಮ ಕಡಿದು ಹ್ಯಾಂಗದ ಅಂತ ನಾನೂ ಇಷ್ಟು ಓದ್ತೇನಿ."

"ಮೊದಲಿಂದನಾ ಇಲ್ಲ ಅಂತ ಹ್ಯಾಂಗ ಗೊತ್ತಾಯ್ತು ಸರ್?"

"ದುರ್ಬೀನದಾಗ ಕಾಣೂದಿಲ್ಲಲ್ರಿ!"

ಅದು ನನಗೆ ಒಪ್ಪಿಗೆಯಾಯಿತು. ನನ್ನ ಕೆಲಸವೂ ಅದೇ ತಾನೇ. ಉಳಿದದ್ದು ತಲೆಗೆ ಹತ್ತಲಿಲ್ಲ. ನುಂಗಿದ್ದು ಅರಗದೆ ಉಳಿದರೆ ಹೊಟ್ಟೆನೋವು ಬರಬೇಕು, ಶಕ್ತಿ ಹೇಗೆ ಬರುತ್ತದೆ?

ಸೋಮವಾರ, 10 ಆಗಸ್ಟ್

ಶ್ರಾವಣ ಸೋಮವಾರ, ಕಿಟಕಿಗೆ ಜನ ಕಡಿಮೆ. ಬಂದವರಲ್ಲಿ ಒಬ್ಬಳು ಕಡ್ಡಿಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಮೂವತ್ತರ ಒಳಗಿನವಳು, ಹಣೆ ತುಂಬ ವಿಭೂತಿ.

"ಹೆಸರು?"

"ಸೈದಪ್ಪ. ಎರಡೂವರಿ ವರ್ಷದವ."

"ತಾಯಿ ಹೆಸರು?"

"ಗೌಸಿಯಾಬೇಗಂ ಅಂತ ಬರಕೋರಿ. ನಮ್ಮ ಬಾಜೂ ಮನಿಯಾಕಿ. ನಾ ಹೀರಾಬಾಯಿ, ಬರೇ ತಂದು ಕೊಡಾಕ ಬಂದೇನಿ."

ಗಾಜಿನ ಮೇಲೆ ಜಾಗವೇ ಇಲ್ಲದಷ್ಟು ತುಂಬಿದ್ದವು, ಉದುರುವ ಎಲೆಗಳಂತೆ ಹೊರಳಾಡುತ್ತ. ‘ಇದೆ’ ಎಂದು ಬರೆದೆ. ಡಾಕ್ಟರು ಐದು ದಿನದ ಗುಳಿಗೆ ಕೊಟ್ಟರು. ಉಳಿದದ್ದನ್ನು ವ್ಯಂಕಟೇಶ ಸರ್ ಹೇಳಿದಂತೆ ಥರ್ಮಾಸಿನಲ್ಲಿಟ್ಟು ಬಸ್ಸಿಗೆ ಕಳಿಸಿದೆ. ಹೀರಾಬಾಯಿ ಹೋಗುವಾಗ ಎರಡು ಸಲ ತಿರುಗಿ ಬಂದು, "ಕೂಸು ಉಳೀತದಲ್ರಿ?" ಎಂದು ಕೇಳಿದಳು. ಬಾಜೂ ಮನೆಯವಳ ಮಗನಿಗಾಗಿ ಇಷ್ಟು ಹೆದರುವವರೂ ಇದ್ದಾರಲ್ಲ ಎಂದುಕೊಂಡೆ.

ಬುಧವಾರ, 12 ಆಗಸ್ಟ್

ಇವತ್ತು ಆ ಗೌಸಿಯಾಬೇಗಮ್ಮೇ ಬಂದಿದ್ದಳು, ಇನ್ನೊಂದು ಕಡ್ಡಿಪೆಟ್ಟಿಗೆ ಹಿಡಿದು. "ಮಲ್ಲಣ್ಣ ಅಂತ ಬರೀರಿ ಅಕ್ಕಾ. ತಾಯಿ ಹೀರಾಬಾಯಿ. ನಂದಲ್ಲ, ಆಕಿದು." ಇವಳ ಕೂಸಿನದು ಅವಳು ತರುತ್ತಾಳೆ, ಅವಳ ಕೂಸಿನದು ಇವಳು ತರುತ್ತಾಳೆ. ನಮ್ಮ ಓಣಿಯಲ್ಲಿ ಒಬ್ಬರ ಕೊಡ ಇನ್ನೊಬ್ಬರು ಮುಟ್ಟುವುದಿಲ್ಲ.

ಹನ್ನೊಂದಕ್ಕೆ ಕರೆಂಟ್ ಹೋಯಿತು. ಮೋಡ ಕವಿದಿತ್ತು, ದುರ್ಬೀನಿನ ಕನ್ನಡಿಗೆ ಬೆಳಕೇ ಸಿಗುತ್ತಿರಲಿಲ್ಲ, ಅತ್ತ ಥರ್ಮಾಸ್ ಒಯ್ಯುವ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಒಂದೇ ಗಾಜು ನೋಡಿದೆ. ಏನೂ ಇರಲಿಲ್ಲ. ‘ಇಲ್ಲ’ ಎಂದು ಬರೆದುಕೊಟ್ಟೆ.

ಶುಕ್ರವಾರ, 21 ಆಗಸ್ಟ್

ಕಳಿಸಿದ ಒಂಬತ್ತರಲ್ಲಿ ಎಂಟು ಗುಲಬರ್ಗಾ ಮುಟ್ಟುವಷ್ಟರಲ್ಲಿ ಸತ್ತಿದ್ದವಂತೆ. ಸೈದಪ್ಪನದು ಮಾತ್ರ ಗಾಜಿನ ನಳಿಕೆಯಲ್ಲಿ ಚೆನ್ನಾಗಿ ಬೆಳೆಯುತ್ತಿದೆಯಂತೆ. ವ್ಯಂಕಟೇಶ ಸರ್ ಫೋನಿನಲ್ಲಿ ಬಹಳ ಖುಷಿಯಲ್ಲಿದ್ದರು. ನಾನೂ ಖುಷಿಪಟ್ಟೆ. ಖುಷಿಪಡಬೇಕಾದದ್ದು ಯಾವುದಕ್ಕೆ ಎಂದು ಆಮೇಲೆ ಅನುಮಾನ ಬಂತು.

ಮಂಗಳವಾರ, 1 ಸೆಪ್ಟೆಂಬರ್

ತಲೆ ಕೆಟ್ಟುಹೋಗಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಗಲಾದರೂ ತಿಳಿಯಬಹುದು.

ಗೌಸಿಯಾಬೇಗಂ ಸೊಂಟದ ಮೇಲೆ ಒಂದು ಕೂಸನ್ನು ಹೊತ್ತು ಬಂದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಸೈದಪ್ಪ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು.

"ಐದು ದಿನದ ಗುಳಿಗಿ ಕೊಟ್ಟೇವಿ. ಏನ್ ಮಾಡ್ದಿ ಬೇ?"

"ಗುಳಿಗಿ ಹೀರಾಬಾಯಿ ಹತ್ರ ಅವ, ಅಕ್ಕಾ."

"ನಿನ್ನ ಮಗನ ಗುಳಿಗಿ ಆಕಿ ಹತ್ರ ಯಾಕ?"

"ನನ್ನ ಮಗ ಅಲ್ಲ. ಆಕಿ ಮಗ."

"ಆಕಿ ಮಗ ಮಲ್ಲಣ್ಣ ಅಲ್ಲೇನು?"

"ಇವನಾ ಅಕ್ಕಾ ಮಲ್ಲಣ್ಣ."

ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಅವಳು ಬಿಡಿಸಿ ಹೇಳಿದಳು. ಹೀರಾಬಾಯಿಗೆ ಹುಟ್ಟಿದ ಮೊದಲಿನ ಎರಡೂ ಕೂಸು ವರ್ಷ ತುಂಬುವ ಮೊದಲೇ ಹೋದವು. ಮೂರನೆಯದು ಹುಟ್ಟಿದಾಗ ಆಳಂದದ ದರ್ಗಾಕ್ಕೆ ಹರಕೆ ಹೊತ್ತು, ಕೂಸನ್ನು ಒಂದು ಮೊರ ಜೋಳಕ್ಕೆ ಗೌಸಿಯಾಬೇಗಮ್ಮಳಿಗೆ ಮಾರಿದರು. ಮಾರಿದ ಮೇಲೆ ಹೆಸರೂ ಬದಲು, ಸೈದಪ್ಪ. ಐದು ವರ್ಷ ತುಂಬಿದ ಮೇಲೆ ಜೋಳ ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಹೆತ್ತವಳು ಯಾರೆದುರೂ ನನ್ನದು ಎನ್ನಬಾರದು, ಅಂದುಬಿಟ್ಟರೆ ಮೊದಲಿನ ಎರಡನ್ನು ಒಯ್ದದ್ದು ಇದರ ಗುರುತೂ ಹಿಡಿಯುತ್ತದೆ. ಅದಕ್ಕೇ ಹೀರಾಬಾಯಿ ಬಾಜೂ ಮನೆಯ ಕೂಸು ಎಂದು ಬರೆಸಿದ್ದು.

"ಮತ್ತ ನೀ ಯಾಕ ಬ್ಯಾರೆ ಬರಿಸಿದಿ?"

"ಆಕಿ ಗುಳಿಗಿ ಕೊಡಾಕ ಹೆದರಾಕತ್ತಿದ್ದಳು. ಇನ್ನೊಮ್ಮೆ ತೋರಿಸಿ ಬರ್ತೇನಿ ಅಂತ ನಾನಾ ಬಂದೆ. ಸರಕಾರಿ ಕಾಗದದಾಗ ಇರೂದು ಮಲ್ಲಣ್ಣ ಅಂತ. ಹೆತ್ತಾಕಿ ಇನ್ನೂ ಜೀವಂತ ಇರೂವಾಗ ಬರಹದಾಗ ನಾ ತಾಯಿ ಅಂತ ಹ್ಯಾಂಗ ಸುಳ್ಳ ಹೇಳಲಿ?"

ಅಂದರೆ ಕೂಸು ಒಂದೇ. ಆಗಸ್ಟಿನ ಆ ಸೋಮವಾರ ‘ಇದೆ’ ಎಂದು ಬರೆದವಳೂ ನಾನೇ, ಬುಧವಾರ ‘ಇಲ್ಲ’ ಎಂದು ಬರೆದವಳೂ ನಾನೇ. ಹೀರಾಬಾಯಿ ಎರಡನೇ ಚೀಟಿಯನ್ನು ನಂಬಿ ಗುಳಿಗೆಯ ಪಟ್ಟಿಯನ್ನು ಬಿಚ್ಚದೆ ಇಟ್ಟಿದ್ದಾಳೆ.

ಬುಧವಾರ, 2 ಸೆಪ್ಟೆಂಬರ್

ನೀಲಿ ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿದೆ. ಯಾವುದನ್ನು ಹೊಡೆಯಬೇಕೆಂದು ತಿಳಿಯದೆ ಮೊದಲು ತಪ್ಪು ಸಾಲನ್ನೇ ಹೊಡೆದೆ. ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ.

ಈ ಜೀವಿ ಒಂದು ದಿನ ಮಲದಲ್ಲಿ ಇಳಿಯುತ್ತದೆ, ಒಂದು ದಿನ ಇಳಿಯುವುದಿಲ್ಲ, ಮೂರು ದಿನ ನೋಡದೆ ‘ಇಲ್ಲ’ ಎನ್ನಬಾರದು. ಇದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದ ಉತ್ತರ. ಹನ್ನೊಂದು ವರ್ಷದಲ್ಲಿ ಯಾರಿಂದಲೂ ಮೂರು ದಿನ ತರಿಸಿಲ್ಲ. ಒಂದು ಕಡ್ಡಿಪೆಟ್ಟಿಗೆ ತರಲಿಕ್ಕೇ ನಾಚುವ ಜನ, ಮೂರು ಎಲ್ಲಿ ತಂದಾರು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಎಷ್ಟು ‘ಇಲ್ಲ’ ಬರೆದಿರಬಹುದು? ಲೆಕ್ಕ ಹಾಕಲು ಹೋಗಿ ಬಿಟ್ಟೆ. ಹೆದರಿಕೆಯಾಗುತ್ತಿದೆ.

ಶನಿವಾರ, 5 ಸೆಪ್ಟೆಂಬರ್

ಹೀರಾಬಾಯಿಯನ್ನು ಕರೆಸಿದೆ. ಬಂದಳು, ಕಿಟಕಿಯ ಆಚೆಯೇ ನಿಂತಳು.

"ಗುಳಿಗಿ ಇವತ್ತಾ ಸುರು ಮಾಡು. ಹುಡುಗನ ಮೈಯಾಗ ಏನೂ ಉಳಿದಿಲ್ಲ."

"ನೀವಾ ಇಲ್ಲ ಅಂತ ಬರಕೊಟ್ಟೀರಿ ಬಾಯಿ. ಆ ಚೀಟಿ ದೇವರ ಮಾಡದಾಗ ಇಟ್ಟೇನಿ, ದಿನಾ ಕೈ ಮುಗೀತೇನಿ."

ನನ್ನ ಆ ಗೀಚು ಅಕ್ಷರಕ್ಕೆ!

"ಆ ಚೀಟಿ ತಪ್ಪದ" ಎಂದೆ.

"ಹಂಗಾದ್ರ ಮೊದಲಿಂದು ಯಾಕ ತಪ್ಪಿರಬಾರ್ದು? ನನ್ನ ಎರಡಕ್ಕೂ ಬ್ಯಾರೆ ದವಾಖಾನ್ಯಾಗ ಅದ ಅಂತಾನಾ ಬರದಿದ್ರು. ನನ್ನ ಕೈಲೆನಾ ಗುಳಿಗಿ ನುಂಗಿಸಿದೆ. ಎರಡೂ ಹೋದ್ವು. ನಿಮಗ ಹ್ಯಾಂಗ ತಿಳೀಬೇಕ್ರಿ, ನೀವು ಹಡದಾಕಿ ಅಲ್ಲ."

ಹೊರಟುಹೋದಳು. ಆಮೇಲೆ ಎರಡು ಗಾಜು ಒಡೆದೆ. ಬೇಕೆಂದು ಒಡೆದದ್ದಲ್ಲ.

ಮಂಗಳವಾರ, 8 ಸೆಪ್ಟೆಂಬರ್

ವ್ಯಂಕಟೇಶ ಸರ್ ಪತ್ರ ಬಂದಿದೆ, ನಾಲ್ಕು ಪುಟ. ಆಗಸ್ಟಿನಲ್ಲಿ ಹೇಳಿದ್ದನ್ನು ಈಗ ತಾವೇ ವಾಪಸು ತೆಗೆದುಕೊಂಡಿದ್ದಾರೆ! ಜಿಯಾರ್ಡಿಯಾದ ಬರವಣಿಗೆ ಓದುತ್ತಿರುವವರಿಗೆ ಅದರ ನ್ಯೂಕ್ಲಿಯಸ್ಸಿನಲ್ಲಿ ಒಂದು ಜೀನ್ ಸಿಕ್ಕಿದೆಯಂತೆ. ಅದು ಜಿಯಾರ್ಡಿಯಾದ ಸ್ವಂತದ್ದಲ್ಲ, ಆ ಬಿಡಾರದವರದು. ಅವರು ಒಳಗೆ ಬಂದು ಇರದಿದ್ದರೆ ಅದು ಅಲ್ಲಿ ಬರಲು ಸಾಧ್ಯವೇ ಇಲ್ಲ. ಒಂದು ಸಾಲನ್ನು ಹಾಗೇ ಇಳಿಸಿಕೊಳ್ಳುತ್ತೇನೆ: ‘ಅಕ್ಕಾರ, ಮೊದಲಿನಿಂದ ಇಲ್ಲ ಅಂದಿದ್ದೆ, ಅದು ತಪ್ಪು ಅಂತ ಕಾಣುತ್ತದೆ. ಇತ್ತು, ಆಮೇಲೆ ಹೋಗಿದೆ. ಹೋಗುವಾಗ ತನ್ನ ಸಾಮಾನು ಒಂದಿಷ್ಟು ಮನೆಯವರ ಕಪಾಟಿನಲ್ಲಿ ಬಿಟ್ಟುಹೋಗಿದೆ.’

ನಾಲ್ಕು ಸಲ ಓದಿದೆ. ಹೋದವರ ಸಾಮಾನನ್ನು ಇಷ್ಟು ಕೋಟಿ ವರ್ಷ ಆ ಜೀವಿ ಯಾಕೆ ಇಟ್ಟುಕೊಂಡಿದೆ? ಏನಾದರೂ ಉಪಯೋಗ ಇದೆಯೇ, ಸುಮ್ಮನೆ ಬಿದ್ದಿದೆಯೇ? ಸರ್ ಅದನ್ನು ಬರೆದಿಲ್ಲ. ಪತ್ರ ಮಡಚಿ ಟ್ರಂಕಿನಲ್ಲಿಟ್ಟೆ. ಟ್ರಂಕಿನ ತಳದಲ್ಲಿ ಕುಲಾಯಿ ಇದೆ, ಕೂಸಿನ ತಲೆಗೆ ಕಟ್ಟುವುದು, ಕೆಂಪು ಖಣದ್ದು. ಅದು ಅಲ್ಲಿದೆ ಎಂದು ನನಗೆ ಯಾವಾಗಲೂ ಗೊತ್ತಿತ್ತು. ಅದರ ಮೇಲೆಯೇ ಪತ್ರ ಇಟ್ಟೆ, ಬೇರೆ ಜಾಗ ಇರಲಿಲ್ಲ.

ಬುಧವಾರ, 9 ಸೆಪ್ಟೆಂಬರ್

ಇವತ್ತು ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ.

ಮಧ್ಯಾಹ್ನ ದವಾಖಾನೆ ಮುಚ್ಚಿದ ಮೇಲೆ ಹೀರಾಬಾಯಿಯ ಮನೆ ಹುಡುಕಿಕೊಂಡು ಹೋದೆ. ಅವಳ ಗಂಡ ಚಂದಪ್ಪ ತೊಗರಿಯ ಹೊಲಕ್ಕೆ ಹೋಗಿದ್ದ. ಗೌಸಿಯಾಬೇಗಂ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕೂಸು ಕೌದಿಯ ಮೇಲೆ ಮಲಗಿತ್ತು. ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ನಾನು ಆ ಕೈ ನೋಡಿದೆ, ಗುರುತು ಸಿಕ್ಕಿತು. ನನ್ನ ಕೂಸಿನದೂ ಕೊನೆಯ ವಾರ ಹಾಗೇ ಇತ್ತು.

ಗೋಡೆಯ ಗೂಡಿನ ದೇವರ ಮಾಡದಲ್ಲಿ ನನ್ನ ಚೀಟಿ, ಅದರ ಮೇಲೆ ಕುಂಕುಮ. ಪಕ್ಕದಲ್ಲೇ ಗುಳಿಗೆಯ ಪಟ್ಟಿ.

ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಮೂರು ದಿನದ ಪರೀಕ್ಷೆ, ಮೋಡ, ಕರೆಂಟ್. ಒಂದೂ ಬಾಯಿಗೆ ಬರಲಿಲ್ಲ. "ಹೀರಾಬಾಯಿ, ನಾ ಇಲ್ಲ ಅಂದದ್ದೆಲ್ಲಾ ಖರೇ ಅಂತ ತಿಳೀಬ್ಯಾಡ" ಎಂದೆ.

"ಅಂದ್ರ?"

"ಹನ್ನೊಂದು ವರ್ಷದಿಂದ ಈ ಊರಾಗ ನನಗ ಮಕ್ಕಳಿಲ್ಲ ಅಂತ ಹೇಳಾಕತ್ತೇನಿ. ಸುಳ್ಳದು. ಒಬ್ಬಾಕಿ ಇದ್ದಳು. ಎಂಟು ತಿಂಗಳು ಇದ್ದಳು. ಹಿಂಗಾ ಭೇದಿ, ಹಿಂಗಾ ಕೈ ಬಿಟ್ಟು ಮಲಗಿದ್ದಳು. ದೇವರ ಊದಿ ಹಣಿಗೆ ಹಚ್ಚಿದೆವು, ದೃಷ್ಟಿ ತೆಗದೆವು. ದವಾಖಾನಿಗೆ ಒಯ್ಯೂಣು ಅಂದೆ. ಅತ್ತಿ ಬ್ಯಾಡ ಅಂದಳು, ನಾ ಸುಮ್ಮಾದೆ. ಒಯ್ದಿದ್ರ ಉಳೀತಿದ್ದಳೋ ಇಲ್ಲೋ ನನಗ ಗೊತ್ತಿಲ್ಲ. ಹದಿನಾರು ವರ್ಷ ಆಯ್ತು, ಇನ್ನೂ ಗೊತ್ತಿಲ್ಲ."

ಗೌಸಿಯಾಬೇಗಂ ಮೊರ ಕೆಳಗಿಟ್ಟಳು. ಹೀರಾಬಾಯಿ ಎದ್ದು ಗುಳಿಗೆಯ ಪಟ್ಟಿ ತಂದು ನನ್ನ ಕೈಯಲ್ಲಿಟ್ಟಳು.

"ನನ್ನ ಕೈಲೆ ಆಗೂದಿಲ್ರಿ. ನೀವಾ ಹಾಕ್ರಿ."

ಕಾಲು ಗುಳಿಗೆಯನ್ನು ಬೆಲ್ಲದ ನೀರಿನಲ್ಲಿ ಅರೆದೆ. ಗೌಸಿಯಾಬೇಗಂ ಕೂಸನ್ನು ತೊಡೆಯ ಮೇಲೆ ಹಿಡಿದಳು, ನಾನು ಬಾಯಿಗೆ ಹಾಕಿದೆ. ಹೀರಾಬಾಯಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಕಹಿಗೆ ಅದು ಅತ್ತಿತು. ಅಳುವಷ್ಟು ಜೀವ ಇದೆಯಲ್ಲ ಎಂದು ನನಗೆ ಸಂತೋಷವಾಯಿತು.

ಈಗ ಇಬ್ಬರಿಗೆ ಗೊತ್ತು. ನಾಳೆಗೆ ಓಣಿಗೆಲ್ಲ ಗೊತ್ತಾಗುತ್ತದೆ.

ಗುರುವಾರ, 10 ಸೆಪ್ಟೆಂಬರ್

ಮೂರು ಹೊತ್ತು ಹೋಗಿ ಹಾಕಿ ಬಂದೆ. ಒಮ್ಮೆ ವಾಂತಿ. ಮತ್ತೆ ಹಾಕಿದೆ. ಓಣಿಯಲ್ಲಿ ಯಾರೂ ಏನೂ ಕೇಳಲಿಲ್ಲ.

ಶನಿವಾರ, 12 ಸೆಪ್ಟೆಂಬರ್

ಗಂಜಿ ಕುಡಿದಿದ್ದಾನೆ. ಹೀರಾಬಾಯಿ ಈಗ ಗೋಡೆಯ ಕಡೆ ತಿರುಗುವುದಿಲ್ಲ, ಬಾಗಿಲಿನ ಕಡೆ ನೋಡುತ್ತಾಳೆ.

ಭಾನುವಾರ, 13 ಸೆಪ್ಟೆಂಬರ್

ಗುಳಿಗೆ ಮುಗಿಯಿತು. ನನ್ನ ಕನ್ನಡಕ ಕಿತ್ತುಕೊಂಡ, ಪೋರ!

ಮಂಗಳವಾರ, 29 ಸೆಪ್ಟೆಂಬರ್

ಮೂರು ದಿನ, ಮೂರು ಕಡ್ಡಿಪೆಟ್ಟಿಗೆ. ಎರಡನ್ನು ಹೀರಾಬಾಯಿ ತಂದಳು, ಒಂದನ್ನು ಗೌಸಿಯಾಬೇಗಂ. ನಾನು ಎರಡೂ ಹೆಸರು ಒಂದೇ ಸಾಲಿನಲ್ಲಿ ಬರೆದುಕೊಂಡೆ, ತಾಯಿ ಎಂಬ ಕಾಲಂನಲ್ಲೂ ಇಬ್ಬರ ಹೆಸರು. ವ್ಯಂಕಟೇಶ ಸರ್ ನೋಡಿದರೆ ಗಾಬರಿಯಾದಾರು, ಆಗಲಿ. ಪ್ರತಿ ಪೆಟ್ಟಿಗೆಗೆ ಮೂರು ಗಾಜು. ಚೀಟಿಯಲ್ಲಿ ‘ಮೂರು ದಿನ ನೋಡಿದೆ, ಕಾಣಲಿಲ್ಲ’ ಎಂದು ಬರೆದೆ. ಈಗೀಗ ಎಲ್ಲರಿಗೂ ಹಾಗೇ ಬರೆಯುತ್ತೇನೆ. ಇಷ್ಟುದ್ದ ಯಾಕೆ ಎಂದು ಡಾಕ್ಟರು ಗೊಣಗಿದರು. ಚೀಟಿಯಲ್ಲಿ ಜಾಗ ಇದೆಯಲ್ಲ ಎಂದೆ.

ಆ ಜೀನ್ ಏನು ಕೆಲಸ ಮಾಡುತ್ತದೆ ಎಂದು ಸರ್‌ಗೆ ಪತ್ರ ಬರೆದು ಕೇಳಿದ್ದೆ. ಇನ್ನೂ ಸರಿಯಾಗಿ ಗೊತ್ತಿಲ್ಲವಂತೆ.

ಸೋಮವಾರ, 5 ಅಕ್ಟೋಬರ್

ಸಂಜೆ ಕಿಟಕಿ ಮುಚ್ಚುವಾಗ ಇಬ್ಬರೂ ಬಂದರು. ಹೀರಾಬಾಯಿ ತಟ್ಟೆ ಹಿಡಿದಿದ್ದಳು. ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಉತ್ತತ್ತಿ, ಹಸಿರು ಕುಪ್ಪಸದ ಖಣ. ಉಡಿ ತುಂಬುವ ಸಾಮಾನು. ಗೌಸಿಯಾಬೇಗಮ್ಮಳ ಸೊಂಟದ ಮೇಲೆ ಸೈದಪ್ಪ ಉತ್ತತ್ತಿಗೆ ಕೈ ಚಾಚುತ್ತಿದ್ದ.

"ಇದೆಲ್ಲಾ ನನಗ ಬ್ಯಾಡ" ಎಂದೆ. ಈ ಊರಿನಲ್ಲಿ ನನ್ನ ಉಡಿ ಯಾರೂ ತುಂಬಿಲ್ಲ. ಬೇರೆಯವರಿಗೆ ತುಂಬುವಾಗ ನಾನೇ ಏನಾದರೂ ಕೆಲಸ ಹಚ್ಚಿಕೊಂಡು ಒಳಗೆ ಹೋಗುತ್ತೇನೆ.

"ಹಡದಾಕಿ ಉಡಿ ಖಾಲಿ ಇರಬಾರ್ದ್ರಿ. ಸೆರಗ ಒಡ್ರಿ."

ಕೈಯಲ್ಲಿ ಅಯೋಡಿನ್ನಿನ ಕಲೆ ಹಾಗೇ ಇತ್ತು. ಆ ಕೈಯಲ್ಲೇ ಸೆರಗು ಒಡ್ಡಿದೆ. ಅಕ್ಕಿ ಬಿದ್ದಾಗ ಅಷ್ಟು ಭಾರ ಇರುತ್ತದೆ ಎಂಬುದು ಮರೆತೇಹೋಗಿತ್ತು.

"ಆಕಿ ಹೆಸರೇನಿತ್ರಿ?" ಎಂದು ಕೇಳಿದಳು ಹೀರಾಬಾಯಿ.

ಹದಿನಾರು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

"ನಿಂಬೆವ್ವ."

ಇಬ್ಬರೂ ಆ ಹೆಸರನ್ನು ಒಂದೊಂದು ಸಲ ಅಂದರು. ಆಮೇಲೆ ನಾನು ಅತ್ತೆ. ಸೈದಪ್ಪ ನನ್ನನ್ನು ನೋಡಿ ತಾನೂ ಅತ್ತ.

ಅಕ್ಕಿ ಈಗ ಮೇಜಿನ ಮೇಲೆ ಈ ಡೈರಿಯ ಪಕ್ಕದಲ್ಲಿದೆ. ನಾಳೆ ಅನ್ನ ಮಾಡಬೇಕು, ಸ್ವಲ್ಪ ನೀರು ಹೆಚ್ಚು ಹಾಕಿ ಮೆತ್ತಗೆ. ಅವಳಿಗೆ ಬಂದಿದ್ದು ಎರಡೇ ಹಲ್ಲು. ಮೆತ್ತಗಿದ್ದರೆ ತಿನ್ನುತ್ತಿದ್ದಳು.